ಹುಕ್ಕೇರಿಯಿಂದ ಮೂಡಲಗಿಗೆ ನಾಲ್ಕು ನಿಮಿಷ

ಹುಕ್ಕೇರಿಯಿಂದ ಗೋಕಾಕದ ಮೇಲೆ ಮೂಡಲಗಿಗೆ ಕಬ್ಬು ತುಂಬಿದ ಲಾರಿಯನ್ನು ನಾನು ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನಲ್ಲಿ ತಂದಿದ್ದೇನೆ. ಅದೂ ಮುರಿದ ಕಾಲು ಚಾಚಿಕೊಂಡು, ಮಂಚದ ಮೇಲೆ ಕೂತು, ಒಂದು ಕೈಯಲ್ಲಿ ಚಹಾದ ಕಪ್ಪು ಹಿಡಿದು. ಒಂದು ಹನಿ ಚೆಲ್ಲಲಿಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ಹೊರಡಲು ನಿಂತಿದ್ದ ರೈಲು ನನ್ನ ವೇಗ ನೋಡಿ ನಾಚಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ನಂಬದಿದ್ದರೆ ಬಿಡಿ, ವಿಡಿಯೋ ಇದೆ.

ಟಿವಿಯೊಳಗಿನ ಆಟದ ಲಾರಿ ಅಂತ ಗೊತ್ತಾದರೆ ನೀವು ಮೂಗು ಮುರಿಯುತ್ತೀರಿ. ಮುರಿಯಿರಿ. ರಸ್ತೆಗಳಿಗೆ ಹೆಸರಿಟ್ಟವನು ನಾನು. ನಾನು ಹುಕ್ಕೇರಿ ಅಂದರೆ ಅದು ಹುಕ್ಕೇರಿಯೇ.

ನಾನು ಕಲ್ಲೋಳಿಯ ಕಾಶಿನಾಥ. ಮೂಡಲಗಿಯ ಶೆಟ್ಟೆಪ್ಪ ಸಾವಕಾರರ ಲಾರಿಗೆ ಹನ್ನೊಂದು ವರ್ಷದಿಂದ ಡ್ರೈವರ್. ನನ್ನ ಹಾರ್ನ್ ಕೇಳಿದರೆ ಹೆದ್ದಾರಿಯ ಉಬ್ಬುಗಳು ತಾವೇ ಚಪ್ಪಟೆಯಾಗುತ್ತಿದ್ದವು. ಕಾರಹುಣ್ಣಿಮೆಯ ಮರುದಿನ ಗೋಕಾಕ ದಾಟಿದ ತಿರುವಿನಲ್ಲಿ ಎದುರಿನ ಲಾರಿಯೊಂದು ಕಣ್ಣಿಗೆ ಬೆಳಕು ಹೊಡೆದು ನನ್ನ ಮೇಲೆಯೇ ಬಂತು. ಎಲುಬು ಏಳು ಕಡೆ ಮುರಿಯಿತು ಅಂತ ನಾನು ಹೇಳುತ್ತೇನೆ. ಡಾಕ್ಟರು ಒಂದೇ ಕಡೆ ಅನ್ನುತ್ತಾರೆ. ಅವರು ಎಣಿಸುವುದರಲ್ಲಿ ಸ್ವಲ್ಪ ಹಿಂದೆ.

ಅಂದಿನಿಂದ ಈ ಕೋಣೆ. ಎಂಟು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲ, ಒಂದು ಕಿಟಕಿ. ತೊಲೆಯಲ್ಲಿರುವ ಗೆದ್ದಲಿನ ಸಾಲು ಎಷ್ಟು ಹೊತ್ತಿಗೆ ಎಲ್ಲಿ ತಿರುಗುತ್ತದೆ ಅನ್ನುವುದು ನನಗೆ ಬಾಯಿಪಾಠ. ಹೊರಗೆ ಬಸ್ಸು ಬ್ರೇಕ್ ಹಾಕಿದ ಸದ್ದು ಬಂದರೆ ನನ್ನ ಕಾಲು ಹಾಸಿಗೆಯಲ್ಲೇ ಬ್ರೇಕ್ ತುಳಿಯುತ್ತಿತ್ತು.

ಹೀಗಿರುವಾಗ ಸಾವಕಾರರ ಫೋನು ಬಂತು. ಅವರ ಮನೆಯಲ್ಲಿ ಒಂದು ಪದ್ಧತಿ ಇದೆ. ದಸರೆಯ ಖಂಡೆ ಪೂಜೆಯ, ಅಂದರೆ ಆಯುಧಪೂಜೆಯ ದಿನ ಲಾರಿಯ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡುತ್ತಾರೆ. ಅವನ್ನು ತುಳಿಸಿ ಗಾಡಿಯನ್ನು ಹೊರಗೆ ತೆಗೆದವನಿಗೆ ಕಬ್ಬಿನ ಹಂಗಾಮು ಮುಗಿಯುವವರೆಗೂ ಸ್ಟೇರಿಂಗು. ನಡುವೆ ಕೈ ಬದಲಿಸುವ ಮಾತೇ ಇಲ್ಲ.

“ಕಾಶ್ಯಾ, ಪೂಜಿಗೆ ಎಂಟ ದಿನ ಉಳದೈತಿ. ಲಿಂಬಿಹಣ್ಣ ನೀ ತುಳಸ್ತಿಯೋ, ಉಮೇಶಗ ಹೇಳ್ಲ್ಯೋ?”

ಉಮೇಶ ನನ್ನ ಕ್ಲೀನರ್ ಆಗಿದ್ದವನು. ನನಗೆ ತಲೆ ತಿರುಗಿತು.

“ಅಂವಗ ರಿವರ್ಸ್ ಹಾಕಾಕ ಬರಂಗಿಲ್ರಿ ಸಾವಕಾರ್ರ! ನಾ ಇಲ್ಲೇ ಕುಂತ ದಿನಾ ಟಿವ್ಯಾಗ ಲಾರಿ ಹೊಡ್ಯಾಕತ್ತೇನಿ. ಎದುರ ಗಾಡಿ ಬಂದ್ರ ಕಣ್ಣ ರೆಪ್ಪಿ ಸೈತ ಅಲಗಂಗಿಲ್ಲ. ಬೇಕಂದ್ರ ಶೂಟಿಂಗ್ ಮಾಡಿ ತೋರಸ್ತೇನಿ.”

“ಹೌದಾ? ಹಂಗಾರ ಐತವಾರ ಬರ್ತೇನಿ. ನೋಡೇ ಬಿಡೂಣು.”

ಬಾಯಿಯಿಂದ ಬಿದ್ದ ಮಾತನ್ನು ಎತ್ತಿಕೊಳ್ಳಲು ನನಗೆ ಬಗ್ಗಲೂ ಆಗುತ್ತಿರಲಿಲ್ಲ. ನನ್ನ ಮೊಬೈಲು ತಿರುವಿನಲ್ಲೇ ಪುಡಿಯಾಗಿತ್ತು. ಹೆಂಡತಿ ಶೋಭಾಳದು ಬಟನ್ ಫೋನು. ಕೊನೆಗೆ ಅವಳ ತಮ್ಮ ಬಾಳೇಶ ಬೆಲ್ಲದ ಬಾಗೇವಾಡಿಯಿಂದ ತನ್ನ ಹಳೆಯ ಹ್ಯಾಂಡಿಕ್ಯಾಮ್ ತಂದ. ಹುಕ್ಕೇರಿಯ ಅರ್ಧ ಮದುವೆಗಳನ್ನು ಕಂಡ ಕ್ಯಾಮೆರಾ ಅದು. ನನ್ನ ಬೇಸರ ಕಳೆಯಲೆಂದು ಮೊದಲೇ ಟಿವಿಗೆ ಸಿಕ್ಕಿಸಿಟ್ಟಿದ್ದ ಆಟದ ಪೆಟ್ಟಿಗೆಯೂ ಅವನದೇ. ಟಿವಿಯ ಎದುರು ಸ್ಟ್ಯಾಂಡ್ ನಿಲ್ಲಿಸಿ, ಗಾಜಿನ ಮೇಲೆ ಬೆಳಕು ಬೀಳಬಾರದೆಂದು ಕಿಟಕಿಗೆ ಹೊದೆಯುವ ಕೌದಿಯನ್ನು ಮೊಳೆ ಹೊಡೆದು ತೂಗಿಸಿ, ಬಾಗಿಲ ಅಗಳಿ ಹಾಕಲು ಹೇಳಿದ.

“ಕೆಂಪ ಗುಂಡಿ ಒತ್ರಿ ಮಾಮಾ. ಆಮ್ಯಾಲ ಯಾರೂ ಕೆಮ್ಮಬಾರ್ದು. ಇದಕ್ಕ ಕಿವಿ ಭಾಳ ಸೂಕ್ಷ್ಮ.”

ಕತ್ತಲೆ, ಸೆಕೆ, ಎಣ್ಣೆ ಔಷಧದ ವಾಸನೆ. ಇದ್ದೊಂದು ಕಿಟಕಿಯೂ ಹೋಯಿತು. ಮೊದಲ ದಿನದ ಶೂಟಿಂಗು ಅಳಿಸಬೇಕಾಯಿತು. ನನ್ನ ವೇಗಕ್ಕೆ ಬರೀ ಹೊಗೆ ಬಂದಿತ್ತು. ಎರಡನೆಯ ದಿನ ಕ್ಯಾಮೆರಾಕ್ಕೇ ತಲೆಸುತ್ತು ಬಂತು.

ಶೋಭಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಎಷ್ಟ ಸಲ ಅಳಸ್ತೀರಿ? ಕ್ಯಾಸೆಟ್ ಹರದ ಹೋದೀತು.”

“ಕಲಾವಿದಗ ಸಮಾಧಾನ ಆಗ್ಬೇಕ, ನಿನಗ ತಿಳ್ಯಂಗಿಲ್ಲ.”

“ಕಲಾವಿದ್ರ, ಮೊದಲ ಅಂಗಳದ ತನಕ ನಡದ ತೋರಸ್ರಿ. ಪ್ಲಾಸ್ಟರ್ ಬಿಚ್ಚಿ ಮೂರ ವಾರ ಆತು.”

“ಇನ್ನೂ ಜುಮ್ ಅಂತೈತಿ,” ಅಂದೆ.

ಮೂರನೆಯ ದಿನ ಶೂಟಿಂಗು ಮುಗಿಯಿತು. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಹೇಳಿದಂತೆ ಭಾನುವಾರ ಸಾವಕಾರರು ಉಮೇಶನನ್ನೂ ಕರೆದುಕೊಂಡು ಬಂದರು. ಕುರ್ಚಿ ಹಿಡಿಸುವ ಜಾಗ ಬಾಗಿಲಲ್ಲಿ ಮಾತ್ರ ಇತ್ತು. ಸಾವಕಾರರು ಅಲ್ಲೇ ಅಡ್ಡ ಕೂತರು. ಉಮೇಶ ಕಿಟಕಿಗೆ ಬೆನ್ನು ಕೊಟ್ಟ. ಬಾಳೇಶ ಕ್ಯಾಮೆರಾದ ವೈರನ್ನು ಟಿವಿಗೆ ಸಿಕ್ಕಿಸಿದ. ನನ್ನ ಹಿಂದೆ ಗೋಡೆ. ಒಂದು ಹಲ್ಲಿಗೂ ಹೊರಗೆ ಹೋಗಲು ದಾರಿ ಇರಲಿಲ್ಲ.

ಪರದೆಯ ಮೇಲೆ ಕಪ್ಪು ಪಟ್ಟಿಗಳು ಉರುಳುತ್ತಿದ್ದವು, ಅವುಗಳ ನಡುವೆ ಲಾರಿ ಓಡುತ್ತಿತ್ತು.

“ಇದು ಘಟಪ್ರಭಾ ಹೊಳಿ ಪೂಲ್ ನೋಡ್ರಿ. ಈಗ ಗೋಕಾಕ. ನೋಡ್ರಿ, ಎದುರ ಲಾರಿ ಬಂತು!” ಅಂತ ನಾನು ಬೆರಳು ತೋರಿಸಿದೆ.

ಎದುರಿನ ಲಾರಿ ಝಗ್ಗೆಂದು ಬೆಳಕು ಬಿಟ್ಟಿತು. ನಮ್ಮದು ಎಡಕ್ಕೆ ಬೆಣ್ಣೆಯಂತೆ ಜಾರಿ ದಾಟಿತು.

“ಭಲೇ!” ಅಂದರು ಸಾವಕಾರರು. ಉಮೇಶನ ಮುಖ ಇಳಿಯಿತು. ನಾನು ಗೋಡೆಗೆ ಒರಗಿ ಅರಸನಾದೆ.

ಅಷ್ಟರಲ್ಲಿ ಆಟದ ರಸ್ತೆ ಸುರಂಗ ಹೊಕ್ಕಿತು. ಪರದೆ ಪೂರಾ ಕಪ್ಪಾಯಿತು. ಶೂಟಿಂಗಿನ ದಿನ ಕೌದಿಯ ಒಂದು ತುದಿ ಮೊಳೆಯಿಂದ ಜಾರಿದ್ದನ್ನು ನಾವ್ಯಾರೂ ನೋಡಿರಲಿಲ್ಲ. ಆ ಬೆಳಕಿಗೆ ಟಿವಿಯ ಗಾಜಿನಲ್ಲಿ ಇಡೀ ಕೋಣೆ ಮೂಡಿತ್ತು, ಕ್ಯಾಮೆರಾ ಅದನ್ನೂ ನುಂಗಿತ್ತು. ನೆಲದ ಮೇಲೆ ಸೆರಗು ಸಿಕ್ಕಿಸಿಕೊಂಡು ಕೂತ ಒಂದು ಆಕೃತಿ. ಮಂಚದ ಮೇಲೆ ಇನ್ನೊಂದು. ಮೇಲಾಗಿ, ಝಲ್ ಝಲ್ ಸದ್ದು.

“ತಡಿ ಬಾಳೇಶ, ಹಿಂದಕ್ಕ ತಗೊ,” ಅಂದರು ಸಾವಕಾರರು.

ಬಾಳೇಶ ಹಿಂದಕ್ಕೆ ತೆಗೆದ. ಮತ್ತೆ ಝಲ್ ಝಲ್.

“ಕಾಶ್ಯಾ, ನೀ ಯಾವಾಗಿಂದ ಕೈಗೆ ಬಳಿ ಇಡಾಕ ಹತ್ತಿ?”

ಉಮೇಶ ಕಿಸಕ್ಕನೆ ನಕ್ಕ.

“ಅದು… ಲಾರಿ ಸ್ಪೀಡಿಗೆ ಅಡಗಿಮನ್ಯಾಗಿನ ಭಾಂಡೆ ಅಲಗ್ಯಾವ್ರಿ.”

“ಮತ್ತ ಮಂಚದ ಮ್ಯಾಲ ದಿಂಬಿನ್ಯಾಗ ಮಾರಿ ಮುಚ್ಚಿ ಕುಂತಾಂವ ಯಾರು?”

ನನ್ನ ಬಳಿ ಹನ್ನೆರಡು ಉತ್ತರ ಸಿದ್ಧವಿದ್ದವು. ಬಾಗಿಲ ಹೊರಗೆ, ಸಾವಕಾರರ ಹೆಗಲ ಮೇಲಿಂದ, ಶೋಭಾ ನನ್ನನ್ನೇ ನೋಡುತ್ತಿದ್ದಳು. ಅವಳು ನಗುತ್ತಿರಲಿಲ್ಲ. ಹನ್ನೆರಡನ್ನೂ ಕೈಬಿಟ್ಟು, ಪಕ್ಕದ ದಿಂಬನ್ನು ಗೋಡೆಯ ಕಡೆ ಸರಿಸಿದೆ.

ಸಾವಕಾರರು ಕುರ್ಚಿ ಮುಂದೆ ಎಳೆದರು. “ತಮ್ಮಾ, ರೋಡಿನ್ಯಾಗ ಎದುರ ಬರಾಂವಗೂ ಮನಿ ಮಂದಿ ಇರ್ತಾರ. ಖರೆ ಹೇಳು.”

“ಗಾಡಿ ಹೊಡದಾಕಿ ಶೋಭಾ ರಿ,” ಅಂದೆ. ಅದು ನನ್ನದೇ ದನಿ ಅಂತ ನನಗೆ ಅನ್ನಿಸಲಿಲ್ಲ. “ನಾ ಎರಡ ದಿನಾ ಹೊಡದ ನೋಡಿದ್ನಿ. ಹೊಡದಷ್ಟೂ ಸಲ ಹೊಳಿಗೆ ಹಾಕಿದ್ನಿ. ಎದುರ ಲೈಟ್ ಬಂತಂದ್ರ ಕಣ್ಣ ತಾವಾಗೇ ಮುಚ್ಚತಾವ್ರಿ ಸಾವಕಾರ್ರ, ಆಟದಾಗ ಬಂದ್ರೂ ಮುಚ್ಚತಾವ. ಆಕಿ ಹೊಡಿವಾಗ ಸೈತ ನೋಡಾಕ ಆಗ್ಲಿಲ್ಲ, ದಿಂಬ ಒತಗೊಂಡ್ನಿ. ಈ ಸಲ ಲಿಂಬಿಹಣ್ಣ ಉಮೇಶನೇ ತುಳಸ್ಲಿ. ಅಂವ ರಿವರ್ಸ್ ಛಲೋ ಹಾಕ್ತಾನ, ನಾನ ಕಲಿಸೇನಿ.”

ಬಾಳೇಶ ಟಿವಿ ಆರಿಸಿದ.

“ಮತ್ತ ಕಾಲು?” ಅಂದರು ಸಾವಕಾರರು.

“ಕಾಲಿಗೆ ಈಗೇನೂ ಇಲ್ರಿ. ಎಲುಬ ಯಾವಾಗೋ ಕೂಡೇತಿ. ಅಂಗಳಕ್ಕ ಹೋದ್ರ ರೋಡ್ ಕಾಣತೈತಿ, ಅದಕ್ಕ ಹೋಗಂಗಿಲ್ಲ.”