ಕಪಾಟಿನಲ್ಲಿದ್ದ ಡಪ್ಪು

ಜತ್ತ ಸಂಸ್ಥಾನದ ಸಂಖ ಊರಿನ ಅರಿವೆ ಅಂಗಡಿಯ ಅಣ್ಣಾರಾಯನಿಗೆ ಹಾಡಲು ಬರುತ್ತಿರಲಿಲ್ಲ, ಹಾಡಿನ ಹುಚ್ಚು ಮಾತ್ರ ನೆತ್ತಿಗೇರಿತ್ತು. ಲಗಮಣ್ಣನ ಹಾಡಿಕೆ ಇದೆ ಅಂದರೆ ಮುಗಿಯಿತು, ಗಿರಾಕಿಯನ್ನು ಅರ್ಧ ಅಳತೆಯಲ್ಲೇ ಬಿಟ್ಟು ಎದ್ದು ಓಡುತ್ತಿದ್ದ. ಲಗಮಣ್ಣ ಕುರಿ ಮೇಯಿಸಿಕೊಂಡು, ಡಪ್ಪು ಬಾರಿಸಿಕೊಂಡು ಹರದೇಶಿ ಪದ ಹಾಡುತ್ತಿದ್ದವನು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡಬೇಕು. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ಜವಾಬು ಹುಟ್ಟದಿದ್ದವರು ತಮ್ಮ ಡಪ್ಪನ್ನು ಗೆದ್ದವರ ಕೈಗಿಟ್ಟು ಬರಿಗೈಯಲ್ಲಿ ಮನೆಗೆ ನಡೆಯಬೇಕು. ಲಗಮಣ್ಣ ಊರ ಮುಂದೆ ಗಂಡು ಹೆಚ್ಚೆಂದು ಗುಡುಗಿ, ಮನೆಯಲ್ಲಿ ಹೆಂಡತಿ ಯಮನವ್ವನ ಮುಂದೆ ಬಾಯಿ ಮುಚ್ಚಿಕೊಂಡು ರೊಟ್ಟಿ ತಿನ್ನುತ್ತಾನೆ ಎಂದು ಜನ ನಗುತ್ತಿದ್ದರು.

ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ ಮರುವರ್ಷ ಲಗಮಣ್ಣ ತೀರಿಕೊಂಡ. ಅಣ್ಣಾರಾಯ ಅಂಗಡಿ ಮುಚ್ಚಿ ಅತ್ತ. ಅತ್ತು ಮುಗಿಸಿ ಒಂದು ಮಂಡಳ ಕಟ್ಟಿದ. ಅದರ ಹೆಸರು 'ಕೈಲಾಸವಾಸಿ ಲಗಮಣ್ಣ ಸ್ಮಾರಕ ಗಾಯನ ಮಂಡಳ'. ಸಾಂಗಲಿಗೆ ಹೋಗಿ ರಜಿಸ್ಟರ್ ಕೂಡ ಮಾಡಿಸಿಕೊಂಡು ಬಂದ. ಇದರಿಂದ ಯಾರೂ ಲಾಭ ಪಡೆಯತಕ್ಕದ್ದಲ್ಲ ಎಂಬುದು ಮೊದಲ ನಿಯಮ.

"ನಫಾ ಇಲ್ಲದ ವ್ಯಾಪಾರಾನೂ ನಿಮಗ ಬರತೈತಿ ಅಂತ ಗೊತ್ತ ಇರಲಿಲ್ರಿ ಸಾವಕಾರ್ರ," ಎಂದು ಯಮನವ್ವ ನಕ್ಕಳು.

ಎರಡನೆಯ ನಿಯಮದ ಮೇಲೆ ಅಣ್ಣಾರಾಯನಿಗೆ ವಿಪರೀತ ಅಭಿಮಾನ. ಲಗಮಣ್ಣನ ಪದಗಳನ್ನು ಅವನು ಹಾಡಿದ ಹಾಗೆಯೇ ಹಾಡಬೇಕು, ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. ಆ ಪ್ರಕಾರವೇ ಬಸಗೊಂಡನೆಂಬ ತರುಣ ಗಾಯಕನನ್ನು ಹಿಡಿದು ಕೂಡಿಸಿ ಎಲ್ಲ ಪದಗಳನ್ನೂ ಬಾಯಿಪಾಠ ಮಾಡಿಸಿದ್ದ.

ಇನ್ನು ಲಗಮಣ್ಣನ ಡಪ್ಪು. ಅದನ್ನು ಯಮನವ್ವನೇ ತನ್ನ ಕೈಯಾರೆ ತಂದುಕೊಟ್ಟಿದ್ದಳು. ಅಣ್ಣಾರಾಯ ಅದನ್ನು ಕಣ್ಣಿಗೊತ್ತಿಕೊಂಡು, "ನನ್ನ ಜೀವ ಇರೂತನಾ ಇದು ಸಂಖದ ಸೀಮಿ ದಾಟೂದಿಲ್ಲ ಅಕ್ಕಾ," ಎಂದು ಮಾತು ಕೊಟ್ಟಿದ್ದ. ಮಿರಜದಿಂದ ಗಾಜಿನ ಕಪಾಟು ತರಿಸಿ, ಡಪ್ಪನ್ನು ಅದರಲ್ಲಿಟ್ಟು ಕೀಲಿ ಹಾಕಿದ. ದಿನವೂ ಊದಿನಕಡ್ಡಿ, ಸೋಮವಾರ ಹೂವಿನ ಮಾಲೆ. ನೋಡಲು ಬಂದವರಿಗೆಲ್ಲ ಇದು ಲಗಮಣ್ಣನ ಮುತ್ತಜ್ಜನ ಕಾಲದ್ದು ಎಂದು ಹೇಳುತ್ತಿದ್ದ. ಹಾಗೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನೋಡಿದರೆ ಹಾಗೆ ಕಾಣುತ್ತಿತ್ತು, ಅಷ್ಟೇ. ಯಮನವ್ವ ಮಾತ್ರ ಆ ದಾರಿಯಲ್ಲಿ ಹೋಗುವಾಗೆಲ್ಲ ಬಾಗಿಲಲ್ಲಿ ನಿಂತು ಇಣುಕುತ್ತಿದ್ದಳು.

"ಅದನ್ನ ಆಗಾಗ ಬೆಂಕಿಗೆ ಹಿಡದು ಕಾಸ್ರಿ. ಚರ್ಮ ಸಡಲಾಗತೈತಿ."

"ಕಾಸಿ ಬಾರಿಸಿದ್ರ ಎಲ್ಲಿ ಹರೀತೈತೋ ಅಂತ ಅಂಜಿಕಿ ಅಕ್ಕಾ," ಎನ್ನುತ್ತಿದ್ದ ಅಣ್ಣಾರಾಯ.

ಮೊದಲ ದೊಡ್ಡ ಚುನಾವಣೆ ಮುಗಿದ ಬೇಸಿಗೆಯಲ್ಲಿ ಲಗಮಣ್ಣನ ಪುಣ್ಯತಿಥಿ ಬಂತು. ಮಂಡಳದವರು ವಳಸಂಗದ ನಾಗೇಶಿ ಮೇಳವನ್ನು ಕರೆಸಿದರು. ಮೇಳದ ಮುಖ್ಯ ಹಾಡುಗಾರ್ತಿ ಸಾವಿತ್ರೆವ್ವ ಬೇವಿನ ಗಿಡದ ಕೆಳಗೆ ಬಂದು ಕೂತವಳೇ, ಪಣಕ್ಕಿಟ್ಟಿದ್ದ ಹೊಸ ಡಪ್ಪನ್ನು ನೋಡಿ ಮೂಗು ಮುರಿದಳು.

"ಯಾರ ಹೆಸರಿಲೆ ಹಾಡಿಕಿ ಐತಿ ಅವರ ಡಪ್ಪು ತಂದಿಡ್ರಿ. ಅಂಜಿಕಿ ಇದ್ರ ಹೇಳ್ರಿ, ಚಾ ಕುಡದು ಊರಿಗೆ ಹೊಳ್ಳತೀವಿ."

ನೆರೆದ ಜನ ಅಣ್ಣಾರಾಯನ ಕಡೆ ತಿರುಗಿದರು. ಇಲ್ಲವೆಂದರೆ ಊರಿನ ಮಾನ ಹೋಗುತ್ತದೆ. ಹೂಂ ಎಂದು ಸೋತರೆ ಯಮನವ್ವನಿಗೆ ಕೊಟ್ಟ ಮಾತು ಹೋಗುತ್ತದೆ. ಬಸಗೊಂಡನಿಗೆ ಎಲ್ಲ ಪದ ಬಾಯಿಗೆ ಬರುತ್ತವಲ್ಲ ಎಂದು ಧೈರ್ಯ ತಂದುಕೊಂಡು ತಾನೇ ಹೋಗಿ ಕಪಾಟಿನ ಕೀಲಿ ತೆಗೆದ.

ಸಂಜೆಯವರೆಗೂ ಎಲ್ಲ ಸಸೂತ್ರವಾಗಿ ನಡೆಯಿತು. ಸಾವಿತ್ರೆವ್ವನ ಹಳೆಯ ಸವಾಲುಗಳಿಗೆ ಬಸಗೊಂಡ ಲಗಮಣ್ಣನ ಹಳೆಯ ಜವಾಬುಗಳನ್ನು ಪಟಪಟ ಹಾಡಿದ. ಅಣ್ಣಾರಾಯ ಮೀಸೆಯ ಮೇಲೆ ಕೈ ಹಾಕಿದ್ದನೋ ಇಲ್ಲವೋ, ಸಾವಿತ್ರೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಗಂಡ ಹೆಚ್ಚ ಅಂತೀಯಲ್ಲೋ ಹರದೇಶಿ, ಓಟಿಗೆ ನೀ ಹೋಗಿದ್ದಿ,
ಪೆಟಗಿಯೊಳಗ ನಾ ಒಂದ ಚೀಟಿ ಹಾಕೀನಿ, ನೀನೂ ಒಂದ ಹಾಕಿದ್ದಿ,
ಹೆಚ್ಚಿನವಗ ಹೆಚ್ಚಿಂದ ಕೊಟ್ಟಿರಬೇಕಲ್ಲೋ, ಅದನೆಲ್ಲಿ ಮುಚ್ಚಿಟ್ಟಿದ್ದಿ?"

ಹೆಂಗಸರ ಕಡೆಯಿಂದ ಎದ್ದ ನಗೆಗೆ ಬೇವಿನ ಗಿಡದ ಕಾಗೆಗಳೆಲ್ಲ ಹಾರಿಹೋದವು. ಲಗಮಣ್ಣ ಓಟು ಬರುವ ಮೊದಲೇ ಸತ್ತವನು. ಅವನ ಯಾವ ಪದದಲ್ಲಿ ಇದಕ್ಕೆ ಜವಾಬು ಸಿಗಬೇಕು? ಆದರೆ ಬಸಗೊಂಡನ ಕಣ್ಣು ಮಿಂಚಿತು. ಅವನು ಬಗ್ಗಿ ಅಣ್ಣಾರಾಯನ ಕಿವಿಯಲ್ಲಿ ಕೇಳಿದ.

"ಸಾವಕಾರ್ರ, ನಾಲಿಗಿ ತುದಿಗೆ ಬಂದೈತಿ. ಹೊಸಾದ ಒಂದ ಹಾಡಲ್ಯಾ?"

ಅಣ್ಣಾರಾಯ ಡಪ್ಪನ್ನು ನೋಡಿದ. ತಾನೇ ಮಾಡಿದ ನಿಯಮ ನೆನಪಾಯಿತು. ಲಗಮಣ್ಣನ ಪುಣ್ಯತಿಥಿಯ ದಿನವೇ ಅವನದಲ್ಲದ ಮಾತು ಹಾಡಿಸುವುದೇ ಎಂದು, ಬೇಡವೆಂದು ತಲೆಯಾಡಿಸಿದ. ಬಸಗೊಂಡ ಪೆಚ್ಚಾಗಿ, ಶಿವ ಗಂಗೆಯನ್ನು ತಲೆಯ ಮೇಲೆ ಹೊತ್ತ ಹಳೆಯ ಪದ ಎತ್ತಿಕೊಂಡ.

"ಗಂಗವ್ವ ಓಟಿಗೆ ಬಂದಿದ್ದಳೇನಲೇ?" ಎಂದು ಯಾರೋ ಕೂಗಿದರು. ಅಲ್ಲಿಗೆ ಹಾಡಿಕೆ ಮುಗಿಯಿತು.

ಸಾವಿತ್ರೆವ್ವ ಗೆದ್ದ ಡಪ್ಪನ್ನು ಎತ್ತಿಕೊಂಡು ಬೆರಳಿನಿಂದ ಬಡಿದಳು. ನೆನೆದ ಗೋಣಿಚೀಲಕ್ಕೆ ಬಡಿದ ಹಾಗೆ ಸದ್ದು ಬಂತು. "ಇದರ ದನೀನ ಕೊಂದೀರಲ್ಲೋ ಯಪ್ಪಾ," ಎಂದು ಮರುಗಿ, ಅಲ್ಲೇ ಒಂದಿಷ್ಟು ಜೋಳದ ಕಣಿಕೆ ಉರಿಸಿ, ಡಪ್ಪನ್ನು ಕಾಸಿ, ಬಾರಿಸಿಕೊಂಡೇ ಗಾಡಿ ಹತ್ತಿದಳು. ಆ ದನಿ ಊರ ಹೊರಗಿನವರೆಗೂ ಖಣಖಣ ಕೇಳುತ್ತಿತ್ತು. ಅಣ್ಣಾರಾಯ ಎರಡೂ ಕಿವಿ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಏನೂ ತಿನ್ನದೆ ಯಮನವ್ವನ ಮನೆಗೆ ಹೋದ. ಅವಳು ಅಂಗಳದಲ್ಲಿ ಕೂತು ಕಂಬಳಿಗೆ ಉಣ್ಣೆ ಹಿಂಜುತ್ತಿದ್ದಳು.

"ಅಕ್ಕಾ, ಡಪ್ಪು ಹೋತು. ಕೊಟ್ಟ ಮಾತು ನನ್ನ ಕೈಲೆ ಉಳೀಲಿಲ್ಲ," ಎಂದ.

"ಗೊತ್ತಾತ್ರಿ. ಹೋದ್ರ ಹೋಗಲಿ, ಅದರ ಹಳೀ ಮನಿಗೇ ಹೋಗೈತಿ."

"ಅಂದ್ರ?"

"ಅದು ವಳಸಂಗದ್ದ ಡಪ್ಪು. ಸಾವಿತ್ರೆವ್ವನ ಅಪ್ಪನ ಕಡಿಂದ ನಮ್ಮ ಮನಿಯವರು ಗೆದ್ದು ತಂದಿದ್ರು. ಮತ್ತ ಸೋತು ಕೊಟ್ಟು ಬಂದ್ರು. ಮತ್ತ ತಂದ್ರು. ಅದು ನಮ್ಮ ಗ್ವಾಡಿಗೆ ತೂಗ್ಯಾಡಿದ್ದಕಿಂತಾ ದಾರ್ಯಾಗ ತಿರಗ್ಯಾಡಿದ್ದ ಹೆಚ್ಚು."

ಅಣ್ಣಾರಾಯ ಕುಸಿದು ಕೂತ. "ಮತ್ತ ಇಷ್ಟ ದಿನಾ ಹೇಳಲಿಲ್ಲಲ್ಲ ಅಕ್ಕಾ!"

"ನೀವೆಲ್ಲಿ ಕೇಳಿದ್ರಿ? ಮುತ್ತಜ್ಜನ ಕಾಲದ್ದು ಅಂತ ಊದಿನಕಡ್ಡಿ ಬೆಳಗತಿದ್ರಿ. ನಿಮ್ಮ ಸಡಗರ ನೋಡಿ ಬಾಯಿ ಬರಲಿಲ್ಲ." ಅವಳು ಉಣ್ಣೆಯ ಕಸ ಕೊಡವಿದಳು. "ಸೋತು ಬಂದ ಮರುದಿನಾನ ಅವರು ಇಲ್ಲೇ ಕುಂತು ಹೊಸಾದು ಕಟ್ಟತಿದ್ರು. ನಾ ನಾಗೇಶಿ ಆಗತಿದ್ನಿ. ಹೋಗ್ರಿ, ಬಸಗೊಂಡನ್ನ ಲಗೂನ ಕರಕೊಂಡ ಬರ್ರಿ."

ಬಸಗೊಂಡ ಬಂದವನೇ, ಹಿಂದಿನ ದಿನ ನುಂಗಿಕೊಂಡಿದ್ದ ಜವಾಬನ್ನು ಹಾಡಿಯೇಬಿಟ್ಟ.

"ಚೀಟಿ ನಿಂದೂ ಒಂದ ನಂದೂ ಒಂದ, ಖರೇ ಐತಿ ಬಿಡು,
ನೀ ಹಾಕಿದ್ದ ಚೀಟೀಲೆ ಆರಿಸಿ ಬಂದಾಂವ ಗಂಡಸ ಹೌದಲ್ಲ ನೋಡು!"

ಅಣ್ಣಾರಾಯ ಹಣೆ ಚಚ್ಚಿಕೊಂಡ. ಇಂಥ ಜವಾಬನ್ನು ನಾನೇ ಇವನ ಬಾಯಲ್ಲಿ ಹೂತಿದ್ದೆನಲ್ಲ! ಯಮನವ್ವ ಉಣ್ಣೆಯಿಂದ ತಲೆ ಎತ್ತದೆ ಕೇಳಿದಳು.

"ಆರಿಸಿ ಬಂದಾಂವ ಹೆಚ್ಚೋ, ಆರಿಸಿ ಕಳಿಸಿದಾಕಿ ಹೆಚ್ಚೋ?"

ಬಸಗೊಂಡ ತಲೆ ಕೆರೆದುಕೊಂಡ. ಅಣ್ಣಾರಾಯನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಇದೇನು ಇವಳದು, ಗೆಲ್ಲಲಿಕ್ಕೇ ಬಿಡುವುದಿಲ್ಲವಲ್ಲ! ತೊಡೆ ಬಡಿದುಕೊಂಡು ಎದ್ದು ನಿಂತ. ಜನ್ಮದಲ್ಲಿ ಒಂದು ಪದ ಕಟ್ಟದವನ ಬಾಯಿಂದ, ತಾಳ ತಪ್ಪಿ, ದನಿ ಒಡೆದು ಹೊರಬಿತ್ತು:

"ಅರಿವಿ ಆರಿಸಾಕಿ ನೀ ಇದ್ರ ಅಳದು ಕೊಡಾಂವ ನಾನ,
ನಾ ಗಜಾ ಹಿಡೀದಿದ್ರ ಕುಬಸಾ ಹ್ಯಾಂಗ ಹೊಲಿತಿ ನೀನ?"

ಬಸಗೊಂಡ ಬಿದ್ದು ಬಿದ್ದು ನಕ್ಕ. ಯಮನವ್ವ ನಗಲಿಲ್ಲ. ಉಣ್ಣೆ ಕೆಳಗಿಟ್ಟು ಅಣ್ಣಾರಾಯನನ್ನೇ ನೋಡಿದಳು.

"ಅವರೂ ಹಿಂಗ ಸಿಟ್ಟಿಗೇಳತಿದ್ರು ನೋಡ್ರಿ. ಹಿಂಗ ತೊಡಿ ಬಡಕೊಂಡು, ಇದ ಜಾಗಾದಾಗ ನಿಂತು," ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅವರು ಹೋದಮ್ಯಾಲೆ ಈ ಅಂಗಳದಾಗ ಯಾರೂ ನನ್ನ ಕೂಡ ಜಗಳ ತಗದಿರಲಿಲ್ಲ."

ಅಣ್ಣಾರಾಯ ತಾನು ನಿಂತ ಜಾಗವನ್ನು ನೋಡಿಕೊಂಡ. ಇಷ್ಟು ವರ್ಷ ಕಪಾಟಿನ ಮುಂದೆ ಕೈಮುಗಿದು ನಿಂತಾಗ ಒಮ್ಮೆಯೂ ಹತ್ತಿರ ಸುಳಿಯದ ಲಗಮಣ್ಣ, ಈಗ ತನ್ನ ಒಡಕು ದನಿಯಲ್ಲಿ ಬಂದು ಹೋಗಿದ್ದ. ಅಣ್ಣಾರಾಯನ ಕಣ್ಣೂ ತುಂಬಿ ಬಂತು.

ಯಮನವ್ವ ಮೂಗು ಒರೆಸಿಕೊಂಡು ಮತ್ತೆ ಉಣ್ಣೆ ಕೈಗೆತ್ತಿಕೊಂಡಳು. "ಆದ್ರ ನಿಮ್ಮ ಗಜಕ್ಕ ನನ್ನ ಕಡೆ ಜವಾಬ ಐತಿ. ಕೇಳತೀರೋ, ಅಂಗಡಿ ತೆಗೀಬೇಕೋ?"

ಅಣ್ಣಾರಾಯ ಧೋತರ ಎತ್ತಿಕಟ್ಟಿ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತ. ಆ ದಿನ ಅಂಗಡಿ ತೆರೆಯಲೇ ಇಲ್ಲ.