ಎರಡು ಪಾಯಿಂಟ್ ಆರು

ಆ ವಿಭಾಗದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಕಡ್ಡಿ ಎಂದೇ. ಮೈಕಟ್ಟು ಹಾಗಿತ್ತು ಎನ್ನುವುದು ಅರ್ಧ ಕಾರಣ. ಇನ್ನರ್ಧ, ಯಾರ ಮುಖಮುಲಾಜನ್ನೂ ನೋಡದೆ ಕಡ್ಡಿ ತುಂಡು ಮಾಡಿದ ಹಾಗೆ ಮಾತಾಡುವ ಬಾಯಿ. ಅವಳ ಕೆಲಸ ವೈದ್ಯಕೀಯ ಅಧ್ಯಯನಗಳಿಂದ ಅಂಕಿ ಹೆಕ್ಕುವುದು. ಒಂದೇ ಮಾತ್ರೆಯ ಬಗ್ಗೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿ, ಅವುಗಳ ಅಂಕಿಗಳನ್ನು ಒಟ್ಟಿಗೆ ಸೇರಿಸಿ, ಮಾತ್ರೆಯಿಂದ ಉಪಯೋಗ ಇದೆಯೋ ಇಲ್ಲವೋ ಎಂಬ ಒಂದೇ ಉತ್ತರ ತೆಗೆಯುತ್ತಾರಲ್ಲ, ಆ ಮೆಟಾ-ಅನಾಲಿಸಿಸ್‌ಗೆ ಬೇಕಾದ ಅಂಕಿಗಳು. ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಮಾಡುತ್ತಿದ್ದಳು.

ಈ ಸಲದ ಮಾತ್ರೆ ಮಂಡಿ ಆಪರೇಶನ್ ಆದ ವಯಸ್ಸಾದವರ ನೋವಿಗೆ ಕೊಡುವಂಥದ್ದು. ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ಮೇಷ್ಟ್ರು, ಐದು ವರ್ಷದ ಹಿಂದೆಯೇ ಇದರ ಮೇಲೆ ಹೀಗೆ ಅಂಕಿ ಸೇರಿಸಿದ ಒಂದು ರಿವ್ಯೂ ಬರೆದು ಹೆಸರು ಮಾಡಿದ್ದರು. ಮಾತ್ರೆ ಒಳ್ಳೆಯದು ಎಂದು ಅದರಲ್ಲಿ ಸಾರಿದ ಮೇಲೆ ಪಕ್ಕದ ದೊಡ್ಡ ಆಸ್ಪತ್ರೆಯಲ್ಲಿ ಅದು ಮೂಳೆ ವಾರ್ಡಿನ ಖಾಯಂ ಪಟ್ಟಿಗೆ ಸೇರಿತ್ತು. ಈಗ ಹೊಸ ಅಧ್ಯಯನಗಳನ್ನೂ ಸೇರಿಸಿ ಅದೇ ರಿವ್ಯೂವನ್ನು ಮತ್ತೆ ಬರೆಯಬೇಕಿತ್ತು.

ಆ ವಾರ್ಡಿನಲ್ಲೇ ಕಡ್ಡಿಯ ಅಕ್ಕ ನರ್ಸು. ಭಾನುವಾರ ಬಟ್ಟೆ ಒಣಹಾಕುತ್ತಾ ಅಕ್ಕ ಅಂದಿದ್ದಳು: "ಆ ಮಾತ್ರೆ ಕೊಟ್ಟ ದಿನದಿಂದ ಮುದುಕರು ತಲೆ ಸುತ್ತುತ್ತೆ ಅಂತಾರೆ ಕಣೇ. ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ತೂರಾಡ್ತಾರೆ. ಹೋದ ತಿಂಗಳು ಒಬ್ಬ ಅಜ್ಜಿ ಬಾತ್‌ರೂಮಲ್ಲಿ ಬಿದ್ದು ಸೊಂಟ ಮುರ್ಕೊಂಡ್ರು. ಡಾಕ್ಟ್ರಿಗೆ ಹೇಳಿದ್ರೆ, ಪುರಾವೆ ಇದೆ ಸಿಸ್ಟರ್, ಕೊಡಿ ಅಂತಾರೆ."

"ಪುರಾವೆ ನಮ್ಮ ಮೇಷ್ಟ್ರದ್ದೇ," ಎಂದು ಕಡ್ಡಿ ಆಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದಳು.

ರಿವ್ಯೂ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಅಧ್ಯಯನವನ್ನೂ ಇಬ್ಬರು ಓದಿ, ಒಬ್ಬರದು ಒಬ್ಬರಿಗೆ ಕಾಣದಂತೆ ಅಂಕಿ ತುಂಬಬೇಕು. ಆಮೇಲೆ ಅದು ಎರಡನ್ನೂ ಅಕ್ಕಪಕ್ಕ ಇಟ್ಟು, ತಾಳೆಯಾಗದ ಕಡೆ ಕೆಂಪು ಬಣ್ಣ ಬಳಿದು ತೋರಿಸುತ್ತದೆ. ಹದಿನಾಲ್ಕು ಅಧ್ಯಯನಗಳಿಗೂ ಎರಡನೆಯ ಓದುಗರು ಮೇಷ್ಟ್ರೇ. ಬುಧವಾರ ಬೆಳಿಗ್ಗೆ ಪರದೆ ತೆರೆದಾಗ ಒಂಬತ್ತನೆಯ ಅಧ್ಯಯನದ ಸಾಲು ಕೆಂಪಾಗಿತ್ತು. ಎಸ್‌ಡಿ ಎಂಬ ಚೌಕದಲ್ಲಿ ಅವಳು ಹತ್ತೊಂಬತ್ತು ಪಾಯಿಂಟ್ ಒಂದು ಎಂದು ಬರೆದಿದ್ದಳು. ಮೇಷ್ಟ್ರು ಬರೆದಿದ್ದು ಎರಡು ಪಾಯಿಂಟ್ ಆರು.

ಎಸ್‌ಡಿ ಎಂದರೆ ರೋಗಿಯಿಂದ ರೋಗಿಗೆ ನೋವು ಎಷ್ಟು ಏರುಪೇರು ಎಂಬುದರ ಅಳತೆ. ಎಸ್‌ಇ ಎಂದು ಇನ್ನೊಂದಿದೆ. ಸರಾಸರಿಯನ್ನು ಎಷ್ಟು ನಂಬಬಹುದು ಎಂದು ಹೇಳುವ, ಅದಕ್ಕಿಂತ ಬಹಳ ಚಿಕ್ಕ ಅಂಕಿ. ಆ ಅಧ್ಯಯನದ ಕೋಷ್ಟಕದಲ್ಲಿ ಎರಡು ಪಾಯಿಂಟ್ ಆರು ಎಂದಿತ್ತು, ನಿಜ. ಆದರೆ ಅದು ಯಾವ ಅಳತೆ ಎಂದು ಬರೆದಿರಲಿಲ್ಲ. ಕಡ್ಡಿಗೆ ಅನುಮಾನ ಬಂದಿದ್ದೇ ಅಲ್ಲಿ. ನೂರು ಅಂಕದ ನೋವಿನ ಅಳತೆಯಲ್ಲಿ ಐವತ್ತನಾಲ್ಕು ಜನರ ನೋವು ಎರಡೂವರೆ ಅಂಕದಷ್ಟೇ ಹೆಚ್ಚುಕಮ್ಮಿ ಎಂದರೆ, ಅವರೆಲ್ಲರ ಮಂಡಿಯನ್ನೂ ಒಂದೇ ಅಚ್ಚಿನಲ್ಲಿ ಹೊಯ್ದಿರಬೇಕು. ಅಷ್ಟೇ ಅಲ್ಲ, ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ ಎಂದು ಅದೇ ಲೇಖನ ಬಾಯಿಬಿಟ್ಟು ಹೇಳಿತ್ತು. ಎರಡು ಪಾಯಿಂಟ್ ಆರು ಎಸ್‌ಡಿಯಾದರೆ ಆ ಮಾತು ಸುಳ್ಳಾಗುತ್ತದೆ. ಎಸ್‌ಇ ಎಂದು ಹಿಡಿದು ಲೆಕ್ಕ ಹಾಕಿದರೆ ಎಸ್‌ಡಿ ಹತ್ತೊಂಬತ್ತು ಪಾಯಿಂಟ್ ಒಂದು ಬಂದು ಎಲ್ಲವೂ ಸರಿಹೋಗುತ್ತದೆ.

ಅವಳು ಅದನ್ನೆಲ್ಲ ಟಿಪ್ಪಣಿಯಲ್ಲಿ ಬರೆದು, ಮೇಷ್ಟ್ರು ಅವಸರದಲ್ಲಿ ನೋಡಿರಬೇಕು ಅಂದುಕೊಂಡು ಊಟಕ್ಕೆ ಹೋದಳು. ಬಂದು ನೋಡಿದರೆ ಕೆಂಪು ಮಾಯವಾಗಿತ್ತು. ಅವಳ ಅಂಕಿಯನ್ನು ತಳ್ಳಿಹಾಕಿ ಎರಡು ಪಾಯಿಂಟ್ ಆರನ್ನೇ ಖಾಯಂ ಮಾಡಿದ್ದರು. ಪಕ್ಕದಲ್ಲಿ, ಇಬ್ಬರೂ ಚರ್ಚಿಸಿ ಒಪ್ಪಿದ್ದು ಎಂದು ಬರೆದಿತ್ತು.

ಕಡ್ಡಿಯ ಪಿತ್ತ ನೆತ್ತಿಗೇರಿತು. ತಪ್ಪು ಯಾರಾದರೂ ಮಾಡಿಯಾರು. ಒಂದು ಮಾತನ್ನೂ ಆಡದೆ ಅವಳ ಬಾಯಿಂದ ಒಪ್ಪಿಗೆ ಹೊರಡಿಸಿದ್ದರಲ್ಲ!

ಮೇಷ್ಟ್ರ ಕೋಣೆಯ ಬಾಗಿಲು ಎಂದಿನಂತೆ ತೆರೆದೇ ಇತ್ತು. ಅವರು ಸೇಬು ಹೆಚ್ಚುತ್ತಿದ್ದರು. ಒಂದು ಹೋಳನ್ನು ಅವಳತ್ತ ಚಾಚಿದರು.

"ಸಾರ್, ನಾನು ಯಾವಾಗ ಒಪ್ಪಿದೆ?"

"ಓ, ಅದಾ? ನೋಡಮ್ಮ, ಲೇಖನದಲ್ಲಿ ಏನಿದೆಯೋ ಅದನ್ನ ಬರೆಯೋದು ನಮ್ಮ ಕೆಲಸ. ಊಹೆ ಮಾಡೋದಲ್ಲ."

"ವ್ಯತ್ಯಾಸ ಕಾಣಲಿಲ್ಲ ಅಂತಾನೂ ಲೇಖನದಲ್ಲೇ ಇದೆ."

"ಅಚ್ಚಿನ ತಪ್ಪಿರಬೇಕು. ಹೋದ ಸಲವೂ ಇದೇ ಅಂಕಿ ಹಾಕಿದ್ವಿ, ಯಾರೂ ಚಕಾರ ಎತ್ತಲಿಲ್ಲ. ನೀನು ಅಂಕಿ ತುಂಬು, ಅರ್ಥ ಮಾಡೋಕೆ ನಾವಿದ್ದೀವಿ." ಇಷ್ಟನ್ನೂ ಅವರು ನಗುನಗುತ್ತಲೇ ಹೇಳಿದರು. ಹೋಳು ಚಾಚಿದ ಕೈ ಹಾಗೇ ಇತ್ತು.

ಹೋದ ಸಲವೂ ಇದೇ! ಆ ಮಾತು ಅವಳ ಕಿವಿಯಲ್ಲಿ ಕೂತುಬಿಟ್ಟಿತು. ತನ್ನ ಮೇಜಿಗೆ ಮರಳಿ, ಆಗ ಬೇರೆಯವರು ಅಂಕಿ ಹೆಕ್ಕಿದ್ದ ಹಳೆಯ ರಿವ್ಯೂ ತೆಗೆದಳು. ಉಳಿದ ಅಧ್ಯಯನಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಲ್ಲೂ ಇಲ್ಲ ಇಲ್ಲೂ ಇಲ್ಲ. ಏರುಪೇರು ಕಡಿಮೆ ಎಂದು ತೋರಿದ್ದರಿಂದ, ಒಟ್ಟು ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಈ ಒಂದರದ್ದೇ. ಇದನ್ನು ಸರಿಮಾಡಿದರೆ, ಮಾತ್ರೆ ಒಳ್ಳೆಯದು ಎಂದು ಹೇಳುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಲೇಖನದ ಕೆಳಗಿದ್ದ ವಿಳಾಸಕ್ಕೆ ಅವಳು ಅಂದೇ ಮೇಲ್ ಕಳಿಸಿದಳು. ಮಾರನೆಯ ದಿನ ಮಧ್ಯಾಹ್ನ ಫೋನ್ ಬಂತು. ಅಧ್ಯಯನ ನಡೆಸಿದ ವೈದ್ಯೆ ಈಗ ನಿವೃತ್ತರು. ದನಿ ವಯಸ್ಸಾದವರದು, ಆದರೆ ಮೊನಚು.

"ಅದು ಎಸ್‌ಇ ಅಮ್ಮಾ. ಪತ್ರಿಕೆಯವರು ಕೋಷ್ಟಕದ ಅಡಿಟಿಪ್ಪಣಿ ಬಿಟ್ಟುಬಿಟ್ರು. ನನ್ನ ಮೂಲ ಹಾಳೆಗಳಿವೆ, ಕಳಿಸ್ತೀನಿ. ಆದ್ರೆ ನನಗೊಂದು ಅರ್ಥ ಆಗ್ತಿಲ್ಲ. ಇದನ್ನೆಲ್ಲ ನಿಮ್ಮ ವಿಭಾಗಕ್ಕೆ ಆಗಲೇ ಬರೆದಿದ್ದೆನಲ್ಲ?"

"ಯಾರಿಗೆ ಬರೆದಿದ್ರಿ?"

"ನಿಮ್ಮ ಮುಖ್ಯಸ್ಥರಿಗೇ. ರಿವ್ಯೂ ಬಂದ ತಿಂಗಳೇ ಒಂದು ಮೇಲ್. ಉತ್ತರ ಬರಲಿಲ್ಲ ಅಂತ ಇನ್ನೊಂದು. ಮೂರನೇದಕ್ಕೆ, ಗಮನಿಸಿದ್ದೇವೆ, ಧನ್ಯವಾದ ಅಂತ ಒಂದು ಸಾಲು ಬಂತು. ನಾನು ಸರಿಮಾಡಿರ್ತಾರೆ ಅಂದ್ಕೊಂಡೆ. ನನ್ನ ಅಂಕಿ ಇಟ್ಕೊಂಡು ನಾನು ಹೇಳದೇ ಇದ್ದದ್ದನ್ನ ಹೇಳಿಸಿದ್ದಾರೆ ಅಂದ್ರೆ!" ಆಚೆ ಕಡೆ ಕಾಗದಗಳನ್ನು ಸರಸರನೆ ಮಗುಚುವ ಸದ್ದು ಕೇಳಿಸಿತು. "ಆ ಮೂರೂ ನನ್ನ ಹತ್ತಿರ ಇವೆ. ಅವನ್ನೂ ಕಳಿಸ್ತೀನಿ, ತಗೋ."

ಕಡ್ಡಿ ಫೋನ್ ಕೆಳಗಿಟ್ಟಳು. ಮೈಯೆಲ್ಲ ಉರಿಯುತ್ತಿತ್ತು. ಮುದುಕರನ್ನು ಎರಡೂ ಕಂಕುಳಲ್ಲಿ ಹಿಡಿದು ಎತ್ತಿ ಎತ್ತಿ ಅಕ್ಕನ ಬೆನ್ನು ಬಿದ್ದುಹೋಗಿತ್ತು. ಆ ಅಜ್ಜಿಯ ಸೊಂಟ. ಪುರಾವೆ ಇದೆ ಸಿಸ್ಟರ್! ಈ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಸೇಬು ಹೆಚ್ಚುತ್ತಿದ್ದ.

ಮೇಷ್ಟ್ರ ಕೋಣೆಗೆ ಎರಡನೆಯ ಸಲ ಹೋದಾಗ ಕೂರು ಎನ್ನುವುದಕ್ಕೂ ಅವಳು ಪುರುಸೊತ್ತು ಕೊಡಲಿಲ್ಲ. ಮೂರು ಮೇಲ್‌ಗಳ ಪ್ರಿಂಟನ್ನು ಮೇಜಿನ ಮೇಲೆ ಹರಡಿದಳು. ಮೇಷ್ಟ್ರು ಎದ್ದುಹೋಗಿ ಬಾಗಿಲು ಮುಚ್ಚಿದರು. ಎಂಟು ವರ್ಷದಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

"ಆಗ ಸರಿಮಾಡಿದ್ದರೆ ಏನಾಗ್ತಿತ್ತು ಗೊತ್ತಾ? ಇಡೀ ವಿಭಾಗದ ಮರ್ಯಾದೆ ಬೀದಿಗೆ ಬರ್ತಿತ್ತು. ಮುಂದಿನ ಸಲ ಹೊಸ ಅಧ್ಯಯನಗಳು ಸೇರಿದಾಗ ತಾನಾಗೇ ಸರಿಹೋಗುತ್ತೆ ಅಂದ್ಕೊಂಡಿದ್ದೆ."

"ಮುಂದಿನ ಸಲ ಇದೇ ಅಲ್ವಾ? ಮತ್ತೆ ಅದನ್ನೇ ಹಾಕಿದ್ದೀರಿ. ಅದೂ ನನ್ನ ತಲೆ ಮೇಲೆ ಗೂಬೆ ಕೂರಿಸಿ."

"ದನಿ ತಗ್ಗಿಸು."

"ತಗ್ಗಿಸಲ್ಲ ಸಾರ್. ವಾರ್ಡಲ್ಲಿ ಬೀಳ್ತಿದ್ದಾರೆ ಜನ. ಅವರನ್ನ ಎತ್ತೋಳು ನನ್ನ ಅಕ್ಕ."

ಶುಕ್ರವಾರ ಲಾಗಿನ್ ಮಾಡಲು ಹೋದರೆ, ಈ ರಿವ್ಯೂಗೆ ನಿಮಗೆ ಪ್ರವೇಶವಿಲ್ಲ ಎಂದು ಪರದೆ ಹೇಳಿತು. ಅಳು ಬರಬಹುದು ಅಂದುಕೊಂಡಿದ್ದಳು, ಬಂದಿದ್ದು ನಗು. ಯಾವ ಅಂಕಿಯನ್ನು ಯಾರು ಯಾವಾಗ ಬದಲಿಸಿದರು ಎಂಬ ಇತಿಹಾಸದ ಪುಟವನ್ನು ಬುಧವಾರವೇ ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದಳು.

ಸೋಮವಾರದ ಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ಆಸ್ಪತ್ರೆಯ ಔಷಧ ಸಮಿತಿಯ ವೈದ್ಯರು ಬಂದಿದ್ದರು. ಮೇಷ್ಟ್ರು ಗೋಡೆಯ ಮೇಲೆ ಚಿತ್ರ ತೋರಿಸುತ್ತಾ, ಹೊಸ ಪುರಾವೆಯೂ ಹಳೆಯದನ್ನೇ ಗಟ್ಟಿ ಮಾಡಿದೆ ಎನ್ನುತ್ತಿದ್ದಾಗ ಕಡ್ಡಿ ಒಳಗೆ ನುಗ್ಗಿ, ಎಲ್ಲರ ಮುಂದೆಯೂ ಒಂದೊಂದು ಕಟ್ಟು ಕಾಗದ ಇಟ್ಟಳು.

"ಒಂಬತ್ತನೇ ಅಧ್ಯಯನ ನೋಡಿ. ಅದನ್ನ ಮಾಡಿದವರೇ ಬರೆದ ಪತ್ರ ಅದರ ಹಿಂದಿನ ಪುಟದಲ್ಲಿದೆ. ತಾರೀಖೂ ನೋಡಿ."

"ಇವರನ್ನ ಈ ಕೆಲಸದಿಂದ ತೆಗೆದಿದ್ದೇವೆ," ಎಂದರು ಮೇಷ್ಟ್ರು.

ವಿಭಾಗದಲ್ಲಿ ಅಂಕಿಗಳನ್ನು ಒಟ್ಟು ಸೇರಿಸುವ ಲೆಕ್ಕದ ತಜ್ಞೆ ಮೂಲೆಯಲ್ಲಿ ಕೂತಿದ್ದಳು. ಸಭೆಗಳಲ್ಲಿ ಬಾಯಿ ಬಿಡುವವಳೇ ಅಲ್ಲ. ಲ್ಯಾಪ್‌ಟಾಪಿನಲ್ಲಿ ಅಂಕಿಯೊಂದನ್ನು ಬದಲಿಸಿ ತಿರುಗಿಸಿ ಇಟ್ಟಳು. "ಇವರು ಹೇಳ್ತಿರೋದು ಸರಿ. ಹತ್ತೊಂಬತ್ತು ಪಾಯಿಂಟ್ ಒಂದು ಹಾಕಿದ್ರೆ ಏನೂ ಉಳಿಯಲ್ಲ."

ಸಮಿತಿಯ ವೈದ್ಯರು ಕನ್ನಡಕ ಹಾಕಿಕೊಂಡು ಮೂರು ಪತ್ರಗಳನ್ನೂ ಓದಿದರು. ಓದಿ ಮುಗಿಸಿ ಕಟ್ಟನ್ನು ಮಡಿಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಆ ವಾರದ ಕೊನೆಗೆ ಮಾತ್ರೆ ವಾರ್ಡಿನ ಪಟ್ಟಿಯಿಂದ ಹೋಯಿತು. ನಾಲ್ಕು ತಿಂಗಳಿಗೆ ಹಳೆಯ ರಿವ್ಯೂಗೆ ತಿದ್ದುಪಡಿ ಬಂತು. ನಮ್ಮ ತಂಡವೇ ಗಮನಿಸಿದ ಒಂದು ಅಂಕಿದೋಷ ಎಂದು ಅದರಲ್ಲಿ ಬರೆದಿತ್ತು, ಕೆಳಗೆ ಮೇಷ್ಟ್ರ ಸಹಿ. ಕಡ್ಡಿಯ ಹೆಸರಿರಲಿಲ್ಲ, ನಿವೃತ್ತ ವೈದ್ಯೆಯ ಹೆಸರೂ ಇರಲಿಲ್ಲ. ಮೇಷ್ಟ್ರು ಅದೇ ಕುರ್ಚಿಯಲ್ಲಿ ಉಳಿದರು. ಕಡ್ಡಿ ಎರಡು ಮಹಡಿ ಕೆಳಗಿನ ಬೇರೆ ವಿಭಾಗ ಸೇರಿದಳು; ಲೆಕ್ಕದ ತಜ್ಞೆಯೇ ಅಲ್ಲಿ ಮಾತಾಡಿ ಕೊಡಿಸಿದ್ದಳು.

ಅಕ್ಕ ಫೋನಿನಲ್ಲಿ, "ಈಗ ಪರವಾಗಿಲ್ಲ ಕಣೇ, ಎದ್ದು ಓಡಾಡ್ತಾರೆ," ಎಂದಳು. "ಆ ಅಜ್ಜಿ ಮಾತ್ರ ಗಾಲಿಕುರ್ಚಿಯಲ್ಲೇ ಮನೆಗೆ ಹೋದ್ರು."

ಒಂದು ದಿನ ಲಿಫ್ಟಿನಲ್ಲಿ ಮೇಷ್ಟ್ರು ಎದುರಾದರು. ಇಬ್ಬರೇ ಇದ್ದರು. ಹಳೆಯ ನಗುವಿನಲ್ಲೇ, "ಎಲ್ಲ ಸರಿಹೋಯ್ತಲ್ಲಮ್ಮ, ಇನ್ನೂ ಯಾಕೆ ಮುಖ ಗಂಟಿಕ್ಕಿಕೊಂಡಿದ್ದೀಯಾ?" ಎಂದರು.

"ಐದು ವರ್ಷ ಸಾರ್," ಎಂದಳು ಕಡ್ಡಿ. ತನ್ನ ಮಹಡಿ ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದ ಕಡೆಯೇ ಇಳಿದು, ಉಳಿದ ಮಹಡಿಗಳ ಮೆಟ್ಟಿಲುಗಳನ್ನು ದಡದಡನೆ ತುಳಿಯುತ್ತಾ ಹೋದಳು.