ಕಿವಿಗೆ ಹೋದ ಕೈ

ಅಳಿಯನ ಹತ್ತಿರ ಅತ್ತೆ ಇದುವರೆಗೆ ಏನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ಅಂಥವರು ಕೋಣೆಯ ಬಾಗಿಲಿಗೆ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನಿಮ್ಮಿಂದ ಒಂದು ಉಪಕಾರ ಆಗಬೇಕಿತ್ತು" ಅಂದಾಗ ನಟ ಅಂಗಿಯ ಗುಂಡಿ ಹಾಕುವುದನ್ನು ಅರ್ಧಕ್ಕೇ ಬಿಟ್ಟ.

"ಹೇಳಿ ಅತ್ತೆ."

"ಇವತ್ತು ಸಂಜೆ ಲೈಬ್ರರಿಯಲ್ಲಿ ನಿಮ್ಮ ಸಿನಿಮಾ ಪಾತ್ರದ ಬಗ್ಗೆ ಮಾತಾಡಿಸ್ತಾರಲ್ಲ. ಆ ಕೈ ವಿಚಾರ ಬಂದೇ ಬರುತ್ತೆ."

"ಬರುತ್ತೆ."

"ಅದು ನಾನೇ ಕಟ್ಟಿದ್ದು ಅಂದ್ಬಿಡಿ. ಇವರಿಂದ ಕಲಿತದ್ದು ಅನ್ನಬೇಡಿ. ಇವರೂ ಬರ್ತಾರೆ, ಮುಂದಿನ ಸಾಲಲ್ಲೇ ಕೂರ್ತಾರೆ. ತಮ್ಮ ಕಿವಿಯಾರೆ ಕೇಳಿಸ್ಕೊಳ್ಳಲಿ. ಆಗಲಾದ್ರೂ ಮತ್ತೆ ಹಾಡೋಕೆ ಕೂರ್ತಾರೇನೋ."

ಅತ್ತೆ ಅಷ್ಟು ಹೇಳಿ ಉತ್ತರಕ್ಕೆ ನಿಲ್ಲದೆ ಒಳಗೆ ಹೋದರು. ನಿಂತು ಕೇಳುವುದು ಅವರಿಗೆ ಸಾಲ ಕೇಳಿದಂತೆ.

ಮಾವ ಹಾಡುಗಾರರು. ಕಥೆಯನ್ನು ಪದ ಕಟ್ಟಿ ಹೇಳುವ ಹಾಡು. ಒಂದು ತಂತಿ, ಒಂದು ಕಂಠ, ಹಿಂದೆ ತಾಳ ಹಿಡಿದು ಕೂತ ಹೆಂಡತಿಯ ಇನ್ನೊಂದು ಕಂಠ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ವಾರಕ್ಕೊಮ್ಮೆ ಕೂತು ಹಾಡುತ್ತಿದ್ದರು. ಬರುವವರು ಕಡಿಮೆ, ಆದರೆ ಬಂದವರು ಎದ್ದು ಹೋಗುವವರಲ್ಲ. ಕೇಳುವುದೂ ಒಂದು ಪೂಜೆ ಎಂದು ನಂಬಿದವರು.

ಕೇಳುವವರನ್ನು ಕಳೆದುಕೊಂಡು ಒದ್ದಾಡುವ ಜನಪದ ಗಾಯಕನ ಪಾತ್ರ ಸಿಕ್ಕಾಗ ನಟ ಬೇರೆ ಎಲ್ಲೂ ಹೋಗಲಿಲ್ಲ. ಹೆಂಡತಿಯ ತವರಿಗೇ ಬಂದು ಚಾಪೆ ಹಾಸಿದ. ಅಲ್ಲಿಯವರೆಗೆ ಮಾವ ಅವನನ್ನು "ನೀವು" ಅನ್ನುತ್ತಿದ್ದರು. ಪಾಠಕ್ಕೆ ಕೂತ ಮೊದಲ ಬೆಳಿಗ್ಗೆ, "ಅಳಿಯಂದಿರು ಹೊರಗೆ ಸೋಫಾದ ಮೇಲೆ ಇರಲಿ. ಇಲ್ಲಿ ಕೂತವನು ನೀನು. ತಪ್ಪಿದ್ರೆ ಬೈತೀನಿ" ಅಂದರು. ಬೈದರು ಕೂಡ. "ನಿನ್ನ ಗಂಟಲು ಬಿಸಿನೀರು ಕಾಣದ ಪಾತ್ರೆ ಥರ ಇದೆ, ಜಿಡ್ಡೇ ಬಿಡ್ತಿಲ್ಲ." ಅವನಿಗೆ ಅದು ಹಿತವಾಗಿತ್ತು. ತಂದೆ ಇಲ್ಲದೆ ಬೆಳೆದವನಿಗೆ "ನೀನು" ಅನ್ನುವ ಗಂಡಸಿನ ದನಿ ಮನೆಯೊಳಗೆ ಕೇಳಿದ್ದು ಅದೇ ಮೊದಲು.

ಹಾಡುವವರಲ್ಲಿ ಒಂದು ನೇಮ ಇತ್ತು. ಬಿದ್ದ ಸೊಲ್ಲು ನೆಲ ಮುಟ್ಟಬಾರದು. ಯಾರ ಬಾಯಿಂದ ಜಾರಿತು ಅಂತ ನೋಡುತ್ತ ಕೂರುವ ಹಾಗಿಲ್ಲ, ಗೊತ್ತಿದ್ದವರು ಎತ್ತಿಕೊಳ್ಳಬೇಕು. ಮಾವ ಹಾಡುತ್ತ ಹಾಡುತ್ತ ಪದದ ಕೊನೆಗೆ ಬಂದಾಗ ಬಲಗೈ ತಾನಾಗಿ ಕಿವಿಗೆ ಹೋಗುತ್ತಿತ್ತು. ಕಣ್ಣು ಮುಚ್ಚುತ್ತಿತ್ತು, ತುಟಿ ಅಲುಗುತ್ತಿತ್ತು. ಆ ಬಿಡುವಿನಲ್ಲಿ ಅತ್ತೆ ಕೊನೆಯ ಸೊಲ್ಲನ್ನು ಎತ್ತಿಕೊಳ್ಳುತ್ತಿದ್ದರು, ಎಷ್ಟು ಮೆತ್ತಗೆ ಅಂದರೆ ಇಬ್ಬರೂ ಮೊದಲೇ ಮಾತಾಡಿಕೊಂಡ ಹಾಗೆ. ಕೇಳುವವರು "ಎಂಥ ಬಿಡುವು" ಎಂದು ತಲೆದೂಗುತ್ತಿದ್ದರು. ನಟನೂ ತಲೆದೂಗಿದ್ದ.

ಒಂದು ದಿನ ಅತ್ತೆ ಪೇಟೆಗೆ ಹೋಗಿದ್ದರು. ಪಾಠ ನಡೆದಿತ್ತು. ಮಾವ ಎತ್ತಿದ್ದು ದೋಣಿಯವನ ಪದ.

ಹೊಳೆಯ ದಾಟಿಸೊ ಅಣ್ಣ, ಹೊತ್ತು ಮುಳುಗುವ ಮುನ್ನ
ಬಳಿಗೆ ಬಂದವಳಲ್ಲ ಬರಿಗೈಲಿ, ತಂದಿರುವೆ
ಎಳೆಯ ಕಂದನ ನಗೆಯ

ಕೈ ಕಿವಿಗೆ ಹೋಯಿತು. ಹೋದದ್ದು ಅಲ್ಲೇ ಉಳಿಯಿತು. ಸೊಲ್ಲನ್ನು ಎತ್ತಿಕೊಳ್ಳುವವರು ಮನೆಯಲ್ಲಿರಲಿಲ್ಲ. ಮಾವ ಮೊದಲಿಂದ ಹಾಡಿದರು, ಮತ್ತೆ ಅಲ್ಲಿಗೇ ಬಂದು ನಿಂತರು. ಒಂದು ಗಳಿಗೆ ಅವರ ಮುಖದಲ್ಲಿ, ಜಾತ್ರೆಯಲ್ಲಲ್ಲ, ತನ್ನ ಮನೆಯ ನಡುಮನೆಯಲ್ಲೇ ಕೈತಪ್ಪಿದ ಮಗುವಿನ ಗಾಬರಿ ಬಂದು ಹೋಯಿತು. ಆಮೇಲೆ ನಕ್ಕು, "ಇವಳು ಬರಲಿ ತಡಿ. ಜೊತೆ ಇಲ್ಲದೆ ಈ ಪದ ಕೂರೋದಿಲ್ಲ" ಅಂದರು. ಹಾಗೆಂದೇ ಅವರು ನಂಬಿದ್ದರು.

ನಟನಿಗೆ ಆಗಲೇ ತಿಳಿಯಿತು, ಇದು ಬಿಡುವಲ್ಲ, ಮರೆವು ಅಂತ. ಆದರೆ ಅಯ್ಯೋ ಅನ್ನಿಸುವುದಕ್ಕೆ ಮುಂಚೆಯೇ ಅವನ ಕೆನ್ನೆ ಆ ಗಾಬರಿಯನ್ನು ಹಿಡಿಯಲು ಶುರುಮಾಡಿತ್ತು. ಬಚ್ಚಲಿನ ಕನ್ನಡಿಯ ಮುಂದೆ ನಿಂತು ಕೈಯನ್ನು ಕಿವಿಗೆ ಒಯ್ದು ನೋಡಿಕೊಂಡ. ಮರುದಿನ ಬೇಕೆಂದೇ ಅದೇ ಪದ ಕೇಳಿದ. "ಅತ್ತೆ ಹೊರಗೆ ಬಟ್ಟೆ ಹರವ್ತಿದ್ದಾರೆ, ನೀವೇ ಹೇಳಿ ಮಾವ" ಅಂದ.

ಸಿನಿಮಾದಲ್ಲಿ ಆ ಗಾಯಕ ಖಾಲಿ ಕುರ್ಚಿಗಳ ಮುಂದೆ ಆ ಪದ ಹಾಡುತ್ತಾನೆ, ಕೈ ಕಿವಿಗೆ ಹೋಗುತ್ತದೆ, ಸೊಲ್ಲು ಸಿಗುವುದಿಲ್ಲ, ಎದ್ದು ಹೋಗುತ್ತಾನೆ. ಚಿತ್ರೀಕರಣದ ದಿನ ನಿರ್ದೇಶಕ ಕುರ್ಚಿಯಿಂದ ಎದ್ದು ಬಂದು ಅವನನ್ನು ತಬ್ಬಿಕೊಂಡಿದ್ದ. ನೋಡಿದವರೆಲ್ಲ ಅದೊಂದನ್ನೇ ಮಾತಾಡಿದರು.

ಮಾವನೂ ನೋಡಿದರು. ಚಿತ್ರಮಂದಿರದ ಮೆಟ್ಟಿಲು ಇಳಿಯುತ್ತ ಹೆಂಡತಿಯನ್ನು ಕೇಳಿದರಂತೆ, "ನಾನು ಹೀಗೆ ಮರೀತೀನೇನೇ?" ಅತ್ತೆ "ಛೆ, ಇಲ್ಲಪ್ಪ" ಅಂದರಂತೆ. ಆದರೆ ಸೊಲ್ಲು ಎತ್ತಿಕೊಳ್ಳುವಷ್ಟೇ ಬೇಗ ಅಂದುಬಿಟ್ಟರು. ಅಷ್ಟು ಸಾಕಾಯಿತು. ಆ ವಾರ ಗಂಟಲು ಸರಿಯಿಲ್ಲ ಅಂದರು ಮಾವ. ಮುಂದಿನ ವಾರವೂ ಗಂಟಲೇ. ಅಳಿಯನಿಗೆ ಮತ್ತೆ "ನೀವು" ಬಂತು. "ನೀವು ಕಾಫಿ ತಗೊಳ್ಳಿ." "ನಿಮಗೆ ಒಳ್ಳೇ ಹೆಸರು ಬಂತು, ಸಂತೋಷ."

ನಟನ ಹೆಂಡತಿ ಹೇಳಿದ್ದು ಒಂದೇ ಸಲ. "ಅಪ್ಪನ ಹಾಡು ತಗೋತೀಯ ಅಂದ್ಕೊಂಡಿದ್ದೆ. ಅಪ್ಪನ ಹೆದರಿಕೆ ತಗೊಂಡೆ ನೀನು." ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅಂತ ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಸಂಜೆ ಲೈಬ್ರರಿಯ ಕೋಣೆ ತುಂಬಿತ್ತು. ಅಲ್ಲಿನ ಮೇಲ್ವಿಚಾರಕನನ್ನು ಎಲ್ಲರೂ ಸದ್ದಣ್ಣ ಎಂದೇ ಕರೆಯುವುದು. ದಿನವೆಲ್ಲ "ಸದ್ದು, ಸದ್ದು" ಎಂದು ಓದುವವರನ್ನು ಗದರುವುದೇ ಅವನ ಕೆಲಸ. ಮಾವನನ್ನು ಕಂಡವನೇ ಮುಂದಿನ ಸಾಲಿನ ಕುರ್ಚಿ ಒರೆಸಿದ.

"ಯಜಮಾನ್ರೇ, ನೀವು ಬರದೆ ಈ ಕೋಣೆ ಎಷ್ಟು ನಿಶ್ಶಬ್ದ ಆಗಿದೆ ಅಂದ್ರೆ, ನನಗೇ ಯಾರಾದ್ರೂ ಸದ್ದು ಮಾಡ್ಲಿ ಅನ್ನಿಸ್ತಿದೆ."

"ಗಂಟಲು ಸರಿಯಿಲ್ಲ ಕಣಪ್ಪ."

"ಗಂಟಲಿಗೆ ನೀವು ಬಗ್ಗೋದು ಯಾವಾಗಿಂದ?"

ಮಾವ ನಗಲಿಲ್ಲ. ಅತ್ತೆ ಪಕ್ಕದಲ್ಲಿ ಕೂತು ಮಡಿಲಲ್ಲಿ ಕೈ ಜೋಡಿಸಿಕೊಂಡರು. ಹೆಂಡತಿ ಗೋಡೆಗೆ ಒರಗಿ ನಿಂತಳು.

ಪ್ರಶ್ನೆ ಕೇಳಲು ಬಂದಿದ್ದವಳು ಪತ್ರಕರ್ತೆ; ಸಿನಿಮಾ ಮೂರು ಸಲ ನೋಡಿದ್ದಾಗಿ ಮೊದಲೇ ಹೇಳಿಕೊಂಡಳು. ತೂಕ ಇಳಿಸಿದ್ದು, ತಂತಿ ಹಿಡಿಯಲು ಕಲಿತದ್ದು, ಗಡ್ಡ ನಿಜವೋ ಅಂಟಿಸಿದ್ದೋ, ಎಲ್ಲ ಕೇಳಿದಳು. ನಟ ನಗಿಸುತ್ತ ಉತ್ತರಿಸಿದ. ಆಮೇಲೆ ಅವಳು ದನಿ ತಗ್ಗಿಸಿದಳು.

"ಆ ಕೈ. ಕಿವಿಗೆ ಹೋಗೋ ಕೈ. ಅದು ಎಲ್ಲಿಂದ ಬಂತು?"

ಮುಂದಿನ ಸಾಲಿನಲ್ಲಿ ಮಾವ ತಲೆಯೆತ್ತಿದರು. ಅವರು ಉತ್ತರ ಕೇಳಲೆಂದೇ ಬಂದಿದ್ದಾರೆ ಎಂದು ನಟನಿಗೆ ಆಗ ಗೊತ್ತಾಯಿತು.

"ಅದು ನಾನೇ ಕಟ್ಟಿದ್ದು" ಅಂದ. "ಯಾರಲ್ಲೂ ನೋಡಿದ್ದಲ್ಲ. ಬರೀ ಕಲ್ಪನೆ."

"ನಿಮ್ಮ ಮಾವನವರೂ ಹಾಡುಗಾರರು ಅಲ್ವಾ?"

"ಅವರು ಯಾಕೆ ಮರೀತಾರೆ? ಅವರಿಂದ ಕಲಿತದ್ದು ಹಾಡು. ಮರೆವು ನನ್ನದು."

ಕೋಣೆ ಚಪ್ಪಾಳೆ ತಟ್ಟಿತು. ನೋಡದೆಯೇ ಇಷ್ಟು ನಿಜವಾದದ್ದನ್ನು ಕಟ್ಟುವುದೆಂದರೆ ದೊಡ್ಡ ಮಾತು ಎಂದಳು ಪತ್ರಕರ್ತೆ. ಕದ್ದದ್ದಕ್ಕೆ ಬಂದ ಹೊಗಳಿಕೆಗಿಂತ, ಕದ್ದಿಲ್ಲ ಅಂದದ್ದಕ್ಕೆ ಬಂದದ್ದು ಹೆಚ್ಚಾಯಿತು. ನಟ ನೀರು ಕುಡಿದ. ಮಾವನ ಭುಜ ಸ್ವಲ್ಪ ಸಡಿಲವಾದಂತೆ ಕಂಡಿತು, ಅದೊಂದೇ ಸಮಾಧಾನ.

"ಒಂದು ಸಲ ಹಾಡಿ ತೋರಿಸಿ ಸಾರ್" ಎಂದ ಹಿಂದಿನಿಂದ ಯಾರೋ. "ಆದ್ರೆ ಸಿನಿಮಾ ಥರ ಎದ್ದು ಹೋಗ್ಬೇಡಿ, ಪೂರ್ತಿ ಹೇಳಿ. ಆ ಅಮ್ಮ ಹೊಳೆ ದಾಟಿದಳೋ ಇಲ್ವೋ ಅಂತ ನಮ್ಮನೇಲಿ ದಿನಾ ಜಗಳ."

ಎಲ್ಲರೂ ನಕ್ಕರು. ನಟ ಕಣ್ಣು ಮುಚ್ಚಿ ಎತ್ತಿಕೊಂಡ. ಈ ಸಲ ಕೈಯನ್ನು ತೊಡೆಯ ಮೇಲೆ ಒತ್ತಿ ಇಟ್ಟುಕೊಂಡಿದ್ದ, ಏನಾದರೂ ಆಗಲಿ ಕಿವಿಗೆ ಒಯ್ಯಬಾರದು ಎಂದು. ಹೊಳೆಯ ದಾಟಿಸೊ ಅಣ್ಣ. ದನಿ ಚೆನ್ನಾಗಿಯೇ ಬಂತು. ಬಳಿಗೆ ಬಂದವಳಲ್ಲ ಬರಿಗೈಲಿ. ಎಳೆಯ ಕಂದನ ನಗೆಯ.

ಮುಂದೆ ಏನೂ ಇರಲಿಲ್ಲ.

ಅವನು ಹುಡುಕಿದ. ಆ ಸೊಲ್ಲನ್ನು ಅವನು ಎಷ್ಟೋ ಸಲ ಕೇಳಿದ್ದ, ಆದರೆ ಯಾವಾಗಲೂ ಅತ್ತೆಯ ದನಿಯಲ್ಲಿ; ಅವನು ಕಲಿಯುತ್ತಿದ್ದದ್ದು ಮಾವನನ್ನು. ಮಾವನಲ್ಲಿ ಆ ಜಾಗದಲ್ಲಿ ಇದ್ದದ್ದು ಕೈ ಮಾತ್ರ. ಅವನು ಕೈಯನ್ನು ಪೂರ್ತಿ ಕಲಿತಿದ್ದ. ಪದವನ್ನು ಕಲಿತಿರಲಿಲ್ಲ. ಜನ ಇದೂ ಅಭಿನಯವೆಂದು ಉಸಿರು ಬಿಗಿಹಿಡಿದು ನೋಡುತ್ತಿದ್ದರು.

"ಮಡಿಲಲ್ಲಿ" ಎಂಬ ದನಿ ಬಂತು.

ಅತ್ತೆಯದಲ್ಲ. ಮಾವ ಕೂತಲ್ಲಿಂದಲೇ ಎತ್ತಿಕೊಂಡಿದ್ದರು. ಸೊಲ್ಲು ನೆಲ ಮುಟ್ಟಲು ಬಿಡುವ ಜೀವವಲ್ಲ ಅದು. ಎಳೆಯ ಕಂದನ ನಗೆಯ ಮಡಿಲಲ್ಲಿ. ತಂತಿಯಿಲ್ಲ, ತಾಳವಿಲ್ಲ, ಇಷ್ಟು ದಿನ ಮುಚ್ಚಿಟ್ಟ ಗಂಟಲು ಒಮ್ಮೆಲೇ ತೆರೆದು ಮುಂದಿನ ನುಡಿಗೆ ನಡೆಯಿತು. ಗೋಡೆಗೆ ಒರಗಿದ್ದ ಹೆಂಡತಿ ನೆಟ್ಟಗೆ ನಿಂತಳು. ನಟನಿಗೆ ಕಣ್ಣು ತುಂಬಿತು, ದೇವರೇ, ಇಷ್ಟು ಸಾಕು ಎಂದುಕೊಂಡ.

ಹುಟ್ಟು ಹಾಕೋ ಅಣ್ಣಯ್ಯ, ಕೆಟ್ಟ ಸುಳಿ ನಡುವುಂಟು
ಕಟ್ಟಿಕೊಂಡವಳಲ್ಲ ಕನಸನ್ನ, ಕೂಗ್ಯಾರೆ
ಬಿಟ್ಟು ಹೋದವರೆಲ್ಲ

ಮಾವನ ಬಲಗೈ ಎದ್ದಿತು. ಮೆಲ್ಲಗೆ ಕಿವಿಗೆ ಹೋಯಿತು. ಕಣ್ಣು ಮುಚ್ಚಿತು.

ಕೋಣೆ ಗೊಳ್ಳೆಂದು ನಕ್ಕಿತು. ಕೆಟ್ಟ ನಗೆಯಲ್ಲ, ಪ್ರೀತಿಯದೇ. "ನೋಡ್ರಪ್ಪ, ಮಾವ ಅಳಿಯನ್ನ ನೋಡಿ ಕಲಿತುಬಿಟ್ಟಿದ್ದಾರೆ" ಎಂದ ಸದ್ದಣ್ಣ, ತಾನೇ ಎಲ್ಲರಿಗಿಂತ ದೊಡ್ಡ ಸದ್ದು ಮಾಡುತ್ತ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಅಡಿಯಲ್ಲಿ ಅತ್ತೆ "ದಡದಲ್ಲಿ" ಅಂದದ್ದು ಮುಂದಿನ ಸಾಲಿನವರಿಗೂ ಕೇಳಿಸಿತೋ ಇಲ್ಲವೋ. ಮಾವ ಕಣ್ಣು ಬಿಟ್ಟರು. ಕೈಯನ್ನು ಕೆಳಗಿಳಿಸಿ ಅದನ್ನೇ ನೋಡಿದರು, ಬೇರೆಯವರ ಕೈ ತಪ್ಪಿ ತಮ್ಮ ತೊಡೆಯ ಮೇಲೆ ಬಂದು ಕೂತಿದೆ ಎನ್ನುವ ಹಾಗೆ.

ಹೊರಡುವಾಗ ಸದ್ದಣ್ಣ ಕಾರಿನ ಬಾಗಿಲವರೆಗೂ ಬಂದ. "ಬರೋ ವಾರ ಕೂರಲೇಬೇಕು ಯಜಮಾನ್ರೇ. ಜನ ತುಂಬ್ತಾರೆ ನೋಡಿ. ಆ ಕೈ ಮಾತ್ರ ಮರೀಬೇಡಿ."

"ಬರ್ತೀನಿ" ಅಂದರು ಮಾವ.

ಹಿಂದಿನ ಸೀಟಿನಲ್ಲಿ ಅತ್ತೆ ನಿಟ್ಟುಸಿರು ಬಿಟ್ಟರು. ನಟ ಕಾರನ್ನು ಅಂಗಡಿ ಬೀದಿ ದಾಟಿಸಿದ.

"ಆ ಕೈ ನಿಮ್ಮದು ಅಂದ್ರಲ್ಲ" ಎಂದರು ಮಾವ, ರಸ್ತೆ ನೋಡುತ್ತಲೇ.

"ಹೌದು ಮಾವ."

"ಇವಳು ಹೇಳಿಸಿದ್ದು. ನನಗೆ ಗೊತ್ತಾಗಲ್ವಾ? ಆದ್ರೂ ನಂಬೋಣ ಅಂತಲೇ ಕೂತಿದ್ದೆ. ಅರ್ಧ ನಂಬಿಯೂ ಇದ್ದೆ."

ಅತ್ತೆ ಹಿಂದಿನಿಂದ, "ಮನೆಗೆ ಹೋಗಿ ಮಾತಾಡೋಣ" ಅಂದರು.

"ಇರು, ಇದೊಂದು ಸೊಲ್ಲು ನೀನು ಎತ್ಕೋಬೇಡ." ಮಾವ ನಟನ ಕಡೆ ತಿರುಗಿದರು. "ನಿಮಗೆ ಯಾವಾಗ ತಿಳೀತು?"

"ಅತ್ತೆ ಪೇಟೆಗೆ ಹೋಗಿದ್ರಲ್ಲ, ಅವತ್ತು."

"ಅವತ್ತೇ ನನ್ನ ಕಿವಿಗೆ ಹಾಕಬಹುದಿತ್ತಲ್ಲ. ಪಾಠಕ್ಕೆ ಕೂತವನು ಮೇಷ್ಟ್ರಿಗೆ ಹೇಳಬಾರದು ಅಂತೇನಿಲ್ಲ."

ಸುಳ್ಳು ಹೇಳಲು ಒಳ್ಳೊಳ್ಳೆಯ ಮಾತುಗಳು ನಾಲಿಗೆಯ ತುದಿಗೇ ಬಂದವು. ನಿಮಗೆ ನೋವಾಗಬಾರದು ಅಂತ, ಅತ್ತೆ ಹೇಳಲಿ ಅಂತ. ಒಂದು ಸಂಜೆಗೆ ಒಂದು ಸುಳ್ಳು ಸಾಕಾಗಿತ್ತು.

"ಹೇಳಿದ್ರೆ ನೀವು ಹುಷಾರಾಗಿಬಿಡ್ತಿದ್ರಿ ಮಾವ" ಅಂದ. "ನನಗೆ ಆ ಮುಖ ಇನ್ನೊಂದು ಸಲ ನೋಡಬೇಕಿತ್ತು."

ಹೆಂಡತಿ ಕಿಟಕಿಯ ಗಾಜು ಇಳಿಸಿದಳು. ಮಾವ ಬೈಯಲಿಲ್ಲ. ಸಿಟ್ಟು ಬಂದಿದ್ದರೆ ನಟನಿಗೆ ಸಲೀಸಾಗುತ್ತಿತ್ತು. ಅವರ ದನಿ ಲೆಕ್ಕ ತಪ್ಪಿದ ಮಗುವಿಗೆ ಹೇಳಿಕೊಡುವಷ್ಟು ತಣ್ಣಗಿತ್ತು.

"ನನಗೆ ಮರೀತು, ಅದು ವಯಸ್ಸು. ಇವಳು ಎತ್ಕೊಂಡಳು, ಅದು ಸಂಸಾರ. ಈಗ ನೋಡಿ, ನಾನು ಕೈ ಎತ್ತಿದ್ರೆ ಅಳಿಯನ ನಕಲು. ಹೋಗ್ಲಿ. ಹಾಡ್ತೀನಿ ಅಂತ ಒಪ್ಕೊಂಡಿದ್ದೀನಿ, ಹಾಡ್ತೀನಿ. ನಗೋರು ನಗಲಿ, ಕೇಳೋರು ಕೇಳಲಿ. ನೀವು ಮಾತ್ರ ಬರಬೇಡಿ."

"ಆಯ್ತು ಮಾವ."

"ಮುನಿಸಲ್ಲ. ನೀವು ಎದುರಿಗೆ ಕೂತ್ರೆ ನನ್ನ ಮುಖ ಹೇಗಿದೆ ಅಂತ ನನಗೆ ಯೋಚನೆ ಹತ್ತುತ್ತೆ. ಮುಖ ನೋಡ್ಕೋತಾ ಹಾಡೋಕಾಗಲ್ಲ. ಅದು ನಿಮ್ಮ ಕಸುಬು."

ಮುಂದಿನ ವಾರ ಹೆಂಡತಿಯೇ ಅವರಿಬ್ಬರನ್ನೂ ಕರೆದುಕೊಂಡು ಹೋದಳು. ನಟ ಮನೆಯಲ್ಲಿ ಉಳಿದ. ಟಿವಿ ಹಾಕಿದ, ಆರಿಸಿದ. ಒಗೆದ ಬಟ್ಟೆ ಮಡಿಚಿದ. ಮಾವ ಈಗ ಯಾವ ಪದದಲ್ಲಿರಬಹುದು ಎಂದು ಯೋಚಿಸದಿರಲು ಇನ್ನೊಮ್ಮೆ ಮಡಿಚಿದ.

ಕತ್ತಲಾಗುವ ಹೊತ್ತಿಗೆ ಹೆಂಡತಿ ಅಪ್ಪ ಅಮ್ಮನನ್ನು ಅವರ ಮನೆಗೆ ಬಿಟ್ಟು ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳನ್ನು, "ಹಾಡಿದ್ರಾ?" ಎಂದು ಕೇಳಿದ.

"ಹಾಡಿದ್ರು. ಚೆನ್ನಾಗಿ ಹಾಡಿದ್ರು."

"ದೇವರು ದೊಡ್ಡವನು." ಅಷ್ಟಕ್ಕೇ ನಿಲ್ಲಿಸಬೇಕೆಂದು ಅವನಿಗೆ ಗೊತ್ತಿತ್ತು. "ಮತ್ತೆ, ಆ ಕೊನೆಯ ಸೊಲ್ಲು ಬಂದಾಗ ಅವರು..."

ಅವಳು ಚಪ್ಪಲಿ ಬಿಟ್ಟು, ತಲೆಯೆತ್ತಿ ಅವನ ಮುಖವನ್ನೇ ನೋಡಿದಳು. ಅವನ ಕಣ್ಣಲ್ಲಿ ಇದ್ದದ್ದು ಬರೀ ಕಳವಳ ಅಲ್ಲ ಎಂಬುದು ಅವಳಿಗೆ ಕಂಡಿತು. ಅವಳಿಗೆ ಕಂಡದ್ದು ಅವನಿಗೂ ಕಂಡಿತು.

"ಅದನ್ನ ನೀನು ಕೇಳಬೇಡ" ಅಂದಳು.

ಅವನು ಕೇಳಲಿಲ್ಲ.